ಮೊದಲ ಮಹಾಯುದ್ಧದ ದಾಖಲೆಯಲ್ಲಿ ‘ಎಫ್.ಪಿ. ನಂ. 1’ ಅಂದ್ರೆ ಏನು?

ಪ್ರಶ್ನೆ: ಬ್ರಿಟಿಷ್ ಕಾಲಾಳು ಸಿಪಾಯಿಯೊಬ್ಬನ 1916ರ ಬಿ.103 ಹಾಳೆಯಲ್ಲಿ (ರಣರಂಗ ಸೇವೆಯ ದಾಖಲೆ ಫಾರಂ) ‘14 ದಿನ ಎಫ್.ಪಿ. ನಂ. 1’ ಅಂತಿದೆ. ಕೋರ್ಟ್ ಮಾರ್ಷಲ್ ಆಗಿತ್ತಾ? ವಿಚಾರಣೆಯ ಕಡತ ಸಿಗುತ್ತಾ?

ಉತ್ತರ 1: ಆಗಿರಲೇಬೇಕು ಅಂತೇನಿಲ್ಲ. ಎಫ್.ಪಿ. ಅಂದ್ರೆ ಫೀಲ್ಡ್ ಪನಿಷ್‌ಮೆಂಟ್, ರಣರಂಗದಲ್ಲಿ ಕೊಡುತ್ತಿದ್ದ ಶಿಕ್ಷೆ. ಅದನ್ನು 28 ದಿನದವರೆಗೆ ಕಮಾಂಡಿಂಗ್ ಆಫೀಸರೇ ಕೊಡಬಹುದಿತ್ತು. ಕೋರ್ಟ್ ಮಾರ್ಷಲ್ ಆದರೆ 90ರವರೆಗೆ. ನಂ. 1ರಲ್ಲಿ ಕಂಬಕ್ಕೋ ಗಾಡಿಚಕ್ರಕ್ಕೋ ಕಟ್ಟುತ್ತಿದ್ದರು: ದಿನಕ್ಕೆ ಹೆಚ್ಚೆಂದರೆ 2 ಗಂಟೆ, ನಾಲ್ಕು ದಿನದಲ್ಲಿ ಮೂರು ದಿನ ಮಾತ್ರ, ಒಟ್ಟು 21 ದಿನ ಮೀರುವಂತಿಲ್ಲ. ನಿಯಮವೇನೋ ಹೀಗಿತ್ತು! ನಂ. 2ರಲ್ಲಿ ಕಟ್ಟುವುದಿಲ್ಲ, ಬೇಡಿ ಮತ್ತು ದುಡಿಮೆ ಅಷ್ಟೆ. ನಂ. 1 ರದ್ದಾದದ್ದು 1923ರಲ್ಲಿ.

ಉತ್ತರ 2: ಮೊದಲು ಬಿ.122 ಹುಡುಕಿ, ಅದು ನಡತೆ ಹಾಳೆ. ಶಿಕ್ಷೆ ಕೊಟ್ಟವರು ಯಾರು ಅನ್ನೋ ಕಾಲಂ ಅದರಲ್ಲಿದೆ. ‘ಎಫ್.ಜಿ.ಸಿ.ಎಂ.’ (ಫೀಲ್ಡ್ ಜನರಲ್ ಕೋರ್ಟ್ ಮಾರ್ಷಲ್) ಅಂತಿದ್ದರೆ ಮಾತ್ರ ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯು.ಒ. 213 ರಿಜಿಸ್ಟರ್ ನೋಡಿ. ಸಿಗೋದು ಒಂದೇ ಸಾಲು: ಹೆಸರು, ರೆಜಿಮೆಂಟ್, ಆರೋಪ, ಶಿಕ್ಷೆ. ಪೂರ್ತಿ ಕಡತ ಉಳಿದಿರೋದು ಹೆಚ್ಚಾಗಿ ಮರಣದಂಡನೆ ಜಾರಿಯಾದವರದ್ದು.

ಉತ್ತರ 3: ಬಿ.122 ಇಲ್ಲದಿದ್ದರೆ ಅಚ್ಚರಿಯಿಲ್ಲ; 1940ರ ಬಾಂಬ್ ದಾಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸೇವಾ ಕಡತಗಳು ಸುಟ್ಟುಹೋದವು. ಇನ್ನೊಂದು, ‘ಆಬ್ಸೆಂಟ್’ (ಗೈರುಹಾಜರು) ಅಂತ ಕಂಡ ಕೂಡಲೇ ‘ಡೆಸರ್ಟರ್’ (ಸೇನೆ ಬಿಟ್ಟು ಓಡಿಹೋದವನು) ಅಂತ ಬರೆದುಕೊಳ್ಳಬೇಡಿ. ಮರಳುವ ಉದ್ದೇಶವೇ ಇರಲಿಲ್ಲ, ಅಥವಾ ಮುಖ್ಯ ಕರ್ತವ್ಯ ತಪ್ಪಿಸಿಕೊಳ್ಳಲು ಹೋದ ಅಂತ ಸಾಬೀತಾದರಷ್ಟೇ ಅದು ಡೆಸರ್ಷನ್.