ಮಳೆಯಿಲ್ಲದ ಫೆಬ್ರವರಿಯಲ್ಲಿ ಒದ್ದೆಯಾದ ಪೈಪು

ಭಾನುವಾರ

ಮನೆ 27 (ಮೂಲೆ ಸೈಟು): ಮೂರನೇ ಕ್ರಾಸಲ್ಲಿ ಯಾರ ಮನೇಲಾದ್ರೂ ನೀರು ವಾಸನೆ ಬರ್ತಿದ್ಯಾ? ಸಂಪು ತೊಳೆಸಿ ಹದಿನೈದು ದಿನವೂ ಆಗಿಲ್ಲ. ಬೆಳಿಗ್ಗೆ ಅಕ್ಕಿ ತೊಳೆಯೋಕೆ ನಲ್ಲಿ ಬಿಟ್ರೆ ಕೊಳೆತ ಮೊಟ್ಟೆ ನಾತ.

ಮನೆ 31 (ಮೇಲಿನ ಮಹಡಿ): ನಮ್ಮನ್ಯಾಗೂ ಹಂಗ ಐತ್ರೀ ಅಕ್ಕಾರ. ಟ್ಯಾಂಕರ್ ನೀರಿಂದು ಅನ್ಕೊಂಡಿದ್ದೆ. ನೋಡಿದ್ರ ಈ ವಾರ ಟ್ಯಾಂಕರ್ ತರಿಸೇ ಇಲ್ಲ.

ಮನೆ 12: ಇಬ್ಬರಿಗೂ ಒಂದೇ ಸಲ ಅಂದ್ರೆ ಸಂಪಿನ ತಪ್ಪಲ್ಲ, ಬಡಾವಣೆಯ 2ನೇ ಬೋರಿನದ್ದು. ಆದ್ರೆ ನನ್ನ ಟಿಡಿಎಸ್ ಪೆನ್ 480 ತೋರಿಸ್ತಿದೆ. 500ರ ಒಳಗಿದೆ, ಗಾಬರಿ ಬೇಡ.

ಮನೆ 8 (ಭೂವಿಜ್ಞಾನದ ಮೇಷ್ಟ್ರು): ಆ ಪೆನ್ ನೀರಲ್ಲಿ ಕರಗಿರೋ ಲವಣದ ಒಟ್ಟು ಲೆಕ್ಕ ಹೇಳುತ್ತೆ ಅಷ್ಟೇ. ಮಲದ ಬ್ಯಾಕ್ಟೀರಿಯಾ ಅದಕ್ಕೆ ಕಾಣಲ್ಲ. ನೈಟ್ರೇಟ್ ಎಷ್ಟು, ಉಪ್ಪು ಎಷ್ಟು ಅಂತ ಬಿಡಿಸಿ ಹೇಳೋದೂ ಇಲ್ಲ. ಲ್ಯಾಬಿಗೆ ಕಳಿಸೋಣ.

ಕಾರ್ಯದರ್ಶಿ: ನೀರು ಬಿಡೋ ಅಣ್ಣ ವಾಯ್ಸ್ ಮೆಸೇಜ್ ಕಳಿಸಿದಾರೆ. ಕೇಳಿಸದವರಿಗೆ ಇಲ್ಲಿ ಬರೆದು ಹಾಕ್ತೀನಿ. "ಮೇಡಂ, ಅಪಾರ್ಟ್‌ಮೆಂಟ್ ಹಿಂದೆ ಒಂದು ಫೇಲಾಗಿರೋ ಬೋರ್ ಐತಲ್ಲ, ಹೋದ್ ವರ್ಷ ಅದಕ್ಕೆ ಮಳೆ ನೀರಿಗೆ ಅಂತ ನಾಲ್ಕಿಂಚು ಪೈಪ್ ಇಳ್ಸವ್ರೆ. ಮಳೆ ಬಂದು ಎಷ್ಟು ದಿನ ಆಯ್ತು ನೀವೇ ಹೇಳಿ. ಪೈಪು ಒದ್ದೆ ಐತೆ. ಕಿವಿ ಕೊಟ್ರೆ ಒಳಗೆ ಸುರಿಯೋ ಸದ್ದು ಕೇಳ್ಸುತ್ತೆ."

ಮನೆ 31: ಅಯ್ಯಯ್ಯ! ಫೆಬ್ರವರಿ ತಿಂಗಳಾಗ ಯಾವ ಮಳಿ ಬಿತ್ತು ಇವರಿಗೆ?

ಮನೆ 12: ನಡೀರಿ, ಈಗಲೇ ಹೋಗಿ ಪೈಪ್ ಕಿತ್ತು ಹಾಕೋಣ.

ಮನೆ 8 (ಮೇಷ್ಟ್ರು): ಕೀಳಬೇಡಿ. ಕಿತ್ತರೆ ಸಾಕ್ಷಿ ಹೋಗುತ್ತೆ, ಕೇಸ್ ನಮ್ಮ ಮೇಲೆ ಬರುತ್ತೆ. ತಾರೀಖು ಕಾಣೋ ಹಾಗೆ ಫೋಟೋ ತೆಗೀರಿ. ಸಾಯಂಕಾಲ ಕೂತು ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಮನೆ 8 (ಮೇಷ್ಟ್ರು): ಬರೆದಿದ್ದೀನಿ, ಪುರುಸೊತ್ತಲ್ಲಿ ಓದಿ. ಮೊದಲನೇದು, ವಾಸನೆ ಒಂದನ್ನೇ ನೆಚ್ಚಿಕೊಳ್ಳಬೇಡಿ. ಬಹಳ ದಿನ ಓಡಿಸದ ಬೋರಲ್ಲೂ ಬ್ಯಾಕ್ಟೀರಿಯಾದಿಂದ ಆ ಮೊಟ್ಟೆ ನಾತ ಹುಟ್ಟುತ್ತೆ. ಆದರೆ ಒದ್ದೆ ಪೈಪಿಗೆ ಅಂಥ ಸಮಜಾಯಿಷಿ ಯಾವುದೂ ಇಲ್ಲ.

ನಮ್ಮ ಬೆಂಗಳೂರಿನ ಅಡಿಯಲ್ಲಿರೋದು ಗ್ರಾನೈಟು ಮತ್ತು ನೈಸ್ ಅನ್ನೋ ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು. ಮೇಲೆ ಮಣ್ಣು, ಅದರ ಕೆಳಗೆ ಪುಡಿಯಾಗೋ ಹಂತದ ಕಲ್ಲು, ಆಮೇಲೆ ಗಟ್ಟಿ ಬಂಡೆ. ಆ ಬಂಡೆಯೊಳಗೆ ನೀರಿಗೆ ಬಿರುಕಲ್ಲದೆ ಬೇರೆ ಜಾಗ ಇಲ್ಲ. ರಿಗ್‌ನವರು "ಗ್ಯಾಪ್ ಸಿಕ್ತು ಸಾರ್" ಅಂತಾರಲ್ಲ, ಅದೇ ಬಿರುಕು. ಇಪ್ಪತ್ತು ಅಡಿಯ ಇಂಗುಬಾವಿಗೆ ಮಳೆ ನೀರು ಬಿಟ್ಟರೆ ಅದು ಮಣ್ಣಿನಲ್ಲಿ ಜಿನುಗಿ, ಸೋಸಿಕೊಂಡು, ನಿಧಾನಕ್ಕೆ ಇಳಿಯುತ್ತೆ. ಮಣ್ಣಿನಲ್ಲಿರೋ ಜೀವಿಗಳು ಅರ್ಧ ಕೆಲಸ ಮಾಡುತ್ತವೆ. ಕೊಳವೆಬಾವಿ ಹಾಗಲ್ಲ. ಮಣ್ಣು ಕುಸಿಯದ ಹಾಗೆ ಮೇಲಿನ ಭಾಗಕ್ಕೆ ಕೇಸಿಂಗ್ ಪೈಪ್ ಕೂರಿಸಿರ್ತಾರೆ. ಮೇಲಿಂದ ಸುರಿದದ್ದು ಮಣ್ಣನ್ನು ಮುಟ್ಟದೇ ಸೀದಾ ಬಿರುಕಿಗೆ ಇಳಿಯುತ್ತೆ. ಆ ಬಿರುಕು ನಮ್ಮ ಬೋರಿಗೆ ಸೇರಿದೆಯೋ, ಪಕ್ಕದ ಊರಿನ ಬೋರಿಗೋ, ಮೇಲೆ ನಿಂತು ಹೇಳೋಕಾಗಲ್ಲ. ದೂರ ಇದೆ ಅಂತ ನಿಶ್ಚಿಂತೆಯಾಗಿ ಇರೋ ಹಾಗೂ ಇಲ್ಲ.

ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಕೊಳವೆಬಾವಿಗಳಲ್ಲಿ ಕ್ರೋಮಿಯಂ ಸಿಕ್ಕಿದ್ದು ಹಳೇ ಸುದ್ದಿ. ಲೋಹಕ್ಕೆ ಲೇಪ ಹಾಕೋ ಕೆಲಸದ ನೀರು ನೆಲಕ್ಕೆ ಸೇರಿದ ಪರಿಣಾಮ ಅದು. ಕುಡಿಯೋ ನೀರಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ಬಂಡೆಯ ಸಂದಿಗೆ ಒಮ್ಮೆ ಸೇರಿದ್ದನ್ನು ತೊಳೆದು ತೆಗೆಯೋಕೆ ಬಕೆಟ್ಟೂ ಇಲ್ಲ, ಬ್ರಷ್ಷೂ ಇಲ್ಲ.

ಮನೆ 27: ಮೇಷ್ಟ್ರೇ, ಮೊಮ್ಮಗು ಬಂದಿದೆ, ನಾಲ್ಕು ತಿಂಗಳು. ನೀರು ಕುದಿಸಿ ಕೊಟ್ರೆ ಆಗುತ್ತಲ್ವಾ?

ಮನೆ 8 (ಮೇಷ್ಟ್ರು): ಬೇಡಮ್ಮ, ರಿಪೋರ್ಟ್ ಬರೋವರೆಗೂ ಕ್ಯಾನ್ ನೀರೇ ಇರಲಿ. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ನೈಟ್ರೇಟ್ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತೆ. ಹೆಚ್ಚು ನೈಟ್ರೇಟ್ ಇದ್ದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರೋಕೆ ಆಗದೆ ಮೈ ನೀಲಿಗಟ್ಟುತ್ತೆ. ನಮ್ಮ ಮಾನಕದಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಬುಧವಾರ

ಕಾರ್ಯದರ್ಶಿ: ರಿಪೋರ್ಟ್ ಬಂತು. 2ನೇ ಬೋರ್: ನೈಟ್ರೇಟ್ 71. ಮಲದಿಂದ ಬರೋ ಬ್ಯಾಕ್ಟೀರಿಯಾ ಇ. ಕೋಲಿ ಇದೆ (100 ಮಿಲಿಲೀಟರಿನಲ್ಲಿ ಒಂದೂ ಇರಬಾರದು). 1ನೇ ಬೋರ್: ನೈಟ್ರೇಟ್ 38, ಇ. ಕೋಲಿ ಇಲ್ಲ. ಇವತ್ತಿಂದ 2ನೇ ಬೋರ್ ಬಂದ್. ನೀರು ದಿನ ಬಿಟ್ಟು ದಿನ ಬರುತ್ತೆ, ದಯವಿಟ್ಟು ಸಹಕರಿಸಿ. ಕಾವೇರಿ ಕುಡಿಯೋ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರಲ್ಲೇ ಉದ್ಘಾಟನೆ ಆಯ್ತು, ಆದ್ರೆ ನಮ್ಮ ರಸ್ತೆಗೆ ಪೈಪ್ ಬರೋವರೆಗೂ ಬೋರೇ ಗತಿ.

ಮನೆ 12: ಸಿಕ್ಕಿಬಿದ್ರು ನೋಡಿ!

ಅಪಾರ್ಟ್‌ಮೆಂಟ್, ಎ ಬ್ಲಾಕ್: ನಾನು ಮೂರು ದಿನದಿಂದ ಸುಮ್ಮನೆ ಓದ್ತಿದ್ದೀನಿ. ನಮ್ಮ ಬೋರೂ ನಿಮ್ಮ ಪಕ್ಕದ್ದೇ ತಾನೇ? ನಾವು ಬೇಕಂತ ವಿಷ ಹಾಕ್ತಿದ್ದೀವಾ? ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ನೀರು ಟಾಯ್ಲೆಟ್ಟಿಗೆ, ಗಿಡಕ್ಕೆ ಕೊಟ್ಟ ಮೇಲೂ ಉಳಿಯುತ್ತೆ. ಚರಂಡಿಗೆ ಬಿಟ್ರೆ ನೀವೇ ದೂರು ಕೊಡ್ತೀರಿ. ನೋಡಿಕೊಳ್ಳೋಕೆ ಇಟ್ಟಿರೋರು "ಟ್ರೀಟ್ ಆದ ನೀರು ಸಾರ್, ಬೋರಿಗೆ ಬಿಟ್ರೆ ರೀಚಾರ್ಜ್" ಅಂದ್ರು. ನಂಬಿದ್ವಿ. ನಮ್ಮದು ಮೂರ್ಖತನ ಅನ್ನಿ, ಒಪ್ಕೋತೀನಿ. ಕಳ್ಳರು ಅನ್ನಬೇಡಿ.

ಮನೆ 8 (ಮೇಷ್ಟ್ರು): ನೇರವಾಗಿ ಹೇಳಿದ್ದಕ್ಕೆ ಸಂತೋಷ. 12ನೇ ಮನೆಯವರೇ, ಒಂದು ತಿದ್ದುಪಡಿ: ನೈಟ್ರೇಟ್ ಅಪಾರ್ಟ್‌ಮೆಂಟಿಂದಲೇ ಬಂತು ಅಂತ ಈ ಕಾಗದ ಹೇಳಲ್ಲ. ನಮ್ಮ ಹಳೇ ಟಾಯ್ಲೆಟ್ ಪಿಟ್‌ಗಳಿಂದಲೂ ಅದೇ ನೈಟ್ರೇಟ್, ಅದೇ ಇ. ಕೋಲಿ. ಒದ್ದೆ ಪೈಪ್ ಅವರದ್ದು, ಪಿಟ್‌ಗಳು ನಮ್ಮವು.

ಮನೆ 5 (ವಕೀಲರು): ಕಾನೂನು ಏನನ್ನುತ್ತೆ ಅಂತ ಕೆಲವರು ಫೋನ್ ಮಾಡಿದ್ರು, ಇಲ್ಲೇ ಹೇಳ್ತೀನಿ. 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 24ನೇ ಕಲಮು ಓದಿ. ಗೊತ್ತಿದ್ದೂ ಮಲಿನ ವಸ್ತುವನ್ನು ಹೊಳೆಗೆ, ಬಾವಿಗೆ, ಚರಂಡಿಗೆ, ನೆಲಕ್ಕೆ ನೇರವಾಗಿಯೋ ಬಳಸುದಾರಿಯಿಂದಲೋ ಸೇರಿಸೋ ಹಾಗಿಲ್ಲ. ಆ ಕಾಯ್ದೆ 'ಹೊಳೆ' ಅನ್ನೋದರಲ್ಲಿ ಅಂತರ್ಜಲವನ್ನೂ ಸೇರಿಸಿದೆ! ಅಂದ್ರೆ ನೆಲದಡಿಯ ಬಿರುಕಿನ ನೀರೂ ಕಾನೂನಿನ ಕಣ್ಣಲ್ಲಿ ಕಾವೇರಿಯ ಸಾಲಿನಲ್ಲೇ ನಿಲ್ಲುತ್ತೆ. ಇನ್ನು ಫೇಲಾದ ಬೋರ್ ಬಗ್ಗೆ. ಮಕ್ಕಳು ಬಿದ್ದು ಸಾಯೋದು ನಿಲ್ಲಲಿ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ: ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೂ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು. ಬಾಯಿಗೆ ಗೋಣಿಚೀಲ ತುರುಕಿದ್ರೆ ಮುಚ್ಚಿದಂತಲ್ಲ.

ಮನೆ 19: ನಾನು ಟೆಕ್ಸಾಸಿನಲ್ಲಿ ಏಳು ವರ್ಷ ಇದ್ದೆ. ಅಲ್ಲಿ ಎಣ್ಣೆ ಬಾವಿಯ ಉಪ್ಪುನೀರನ್ನ ವಾಪಸ್ ನೆಲದೊಳಕ್ಕೆ ಒತ್ತೋ ಬಾವಿಗಳು ಊರೂರಿಗೂ ಇವೆ. ಅಮೆರಿಕದ ಕುಡಿಯುವ ನೀರಿನ ಕಾಯ್ದೆಯೂ 1974ರದ್ದೇ, ಡಿಸೆಂಬರಲ್ಲಿ ಬಂದದ್ದು. ನಮ್ಮ ಕಾಯ್ದೆ ಮಾರ್ಚಿನದು, ಒಂಬತ್ತು ತಿಂಗಳು ಹಿರಿಯದು! ವ್ಯತ್ಯಾಸ ಇರೋದು ಆಮೇಲೆ ಮಾಡಿದ್ದರಲ್ಲಿ. ಅವರು ನೆಲದೊಳಕ್ಕೆ ದ್ರವ ಇಳಿಸೋ ಬಾವಿಗಳಿಗೇ ಬೇರೆ ನಿಯಮ ಮಾಡಿ, ಈಗ ಆರು ವರ್ಗ ಇಟ್ಟಿದಾರೆ. ಆಳಕ್ಕೆ ಒತ್ತೋ ಅಪಾಯಕಾರಿ ತ್ಯಾಜ್ಯ ಒಂದು, ಎಣ್ಣೆ ಬಾವಿಯದ್ದು ಇನ್ನೊಂದು, ಹೀಗೆ. ಎಣ್ಣೆ ಬಾವಿಯದ್ದಕ್ಕೆ ಐದು ವರ್ಷಕ್ಕೊಮ್ಮೆ ಒಳಗೆ ಸೋರ್ತಿಲ್ಲ ಅಂತ ಮಾಲೀಕನೇ ಪರೀಕ್ಷೆ ಮಾಡಿಸಿ ತೋರಿಸಬೇಕು. ನಮಗೆ ಸಂಬಂಧಪಟ್ಟಿದ್ದು ಐದನೇ ವರ್ಗ: ಮಳೆ ನೀರಿನ ಗುಂಡಿ, ದೊಡ್ಡ ಕಟ್ಟಡದ ಸೆಪ್ಟಿಕ್ ಟ್ಯಾಂಕು, ಇಂಥ ಆಳವಿಲ್ಲದವು. ಕೊನೇಪಕ್ಷ ಎಲ್ಲಿದೆ, ಏನು ಬಿಡ್ತೀರಿ ಅಂತ ಬರೆದು ಕೊಡಲೇಬೇಕು. ಗ್ಯಾರೇಜಿನ ಎಣ್ಣೆ ನೀರು ಇಳಿಸೋ ಹೊಸ ಗುಂಡಿ 2000ದಿಂದ ನಿಷೇಧ. ತುಂಬಾ ಜನ ಬಳಸೋ ಕಟ್ಟಡಗಳ ಮಲಗುಂಡಿಗಳನ್ನ 2005ರ ಏಪ್ರಿಲ್ 5ರೊಳಗೆ ಮುಚ್ಚಿ ಅಂದ್ರು.

ಮನೆ 12: ಅಮೆರಿಕದ ಪುರಾಣ ಇಲ್ಯಾಕೆ? ಅವರೇನು ಸಾಚಾಗಳಾ?

ಮನೆ 19: ಖಂಡಿತ ಅಲ್ಲ. ಡೆನ್ವರ್ ಹತ್ತಿರ ಅವರ ಸೇನೆಯ ರಾಸಾಯನಿಕ ಕಾರ್ಖಾನೆಯೇ 1962ರಿಂದ 1966ರವರೆಗೆ ಹನ್ನೆರಡು ಸಾವಿರ ಅಡಿ ಆಳದ ಬಾವಿಗೆ ಕೊಳೆನೀರು ಒತ್ತಿ, ಊರಿಗೆ ಭೂಕಂಪ ತರಿಸ್ತು. ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆಯೇ. ನಾನು ಹೇಳ್ತಿರೋದು ಇಷ್ಟೇ ಅಣ್ಣ, ಮೊದಲು ಪಟ್ಟಿ. ಯಾವ ತೂತಿಗೆ ಯಾರು ಏನು ಬಿಡ್ತಾರೆ ಅನ್ನೋದೇ ಗೊತ್ತಿಲ್ಲದೆ ಯಾರನ್ನ ತಡೀತೀವಿ?

ಮನೆ 22: ಹೇಳೋಕೆ ನಾಚಿಕೆ. ನಮ್ಮ ಇಂಗುಬಾವಿಗೆ ವಾಷಿಂಗ್ ಮೆಷಿನ್ ನೀರೂ ಹೋಗುತ್ತೆ. ಮೋರಿ ದೂರ ಅಂತ ಪ್ಲಂಬರ್ ಸೇರಿಸಿಬಿಟ್ಟ, ನಾನೂ ಸುಮ್ಮನಾದೆ.

ಮನೆ 31: ನಮ್ಮ ಆರ್‌ಓ ಮಷೀನು ಹೊರಗ ಹಾಕೋ ನೀರನ್ನ ನಾನೂ ಇಂಗುಗುಂಡಿಗೇ ಬಿಟ್ಟೀನ್ರೀ. ವೇಸ್ಟ್ ಆಗಬಾರದು ಅಂತ.

ಮನೆ 8 (ಮೇಷ್ಟ್ರು): ಅದು ನೈಟ್ರೇಟೂ ಉಪ್ಪೂ ಗಟ್ಟಿಯಾದ ನೀರಪ್ಪ, ನೆಲ ಒರೆಸೋಕೆ ಇಟ್ಕೊಳ್ಳಿ. ಗಡಸು ನೀರಿಗೆ ಸಾಫ್ಟ್‌ನರ್ ಇರೋರು ಉಪ್ಪು ಹಾಕಿ ತೊಳೆದ ನೀರನ್ನೂ ಇಂಗಿಸಬೇಡಿ. ಇಂಗುಬಾವಿಗೆ ತಾರಸಿಯ ಮಳೆ ನೀರು ಮಾತ್ರ, ಅದೂ ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟ ಮೇಲೆ.

ಮನೆ 12: ... ನಮ್ಮ ಕಾರ್ ತೊಳೆದ ನೀರೂ ಅದಕ್ಕೇ ಹೋಗುತ್ತೆ.

ಮನೆ 27: ಪೈಪ್ ಕೀಳೋಕೆ ಮೊದಲು ಹೊರಟೋರು ನೀವೇ ಅಲ್ವಾ? 😄

ಶನಿವಾರ

ಕಾರ್ಯದರ್ಶಿ: ನಿನ್ನೆ ಸಭೆಯಲ್ಲಿ ಆಗಿದ್ದು. 46 ಮನೆ, ಅಪಾರ್ಟ್‌ಮೆಂಟಿನ ಎರಡೂ ಬ್ಲಾಕ್ ಸೇರಿ ಎಲ್ಲ ಬೋರು, ಇಂಗುಬಾವಿ, ಪಿಟ್ಟು ಒಂದೇ ಪುಸ್ತಕಕ್ಕೆ ಬರುತ್ತೆ: ಆಳ ಎಷ್ಟು, ಕೇಸಿಂಗ್ ಎಷ್ಟು ಅಡಿ, ಓಡ್ತಿದೆಯೋ ಇಲ್ಲವೋ, ಒಳಗೆ ಯಾವ ಪೈಪ್ ಹೋಗಿದೆ. ಬರೆಯೋರು 19ನೇ ಮನೆಯವರು, ಜೊತೆಗೆ ನೀರು ಬಿಡೋ ಅಣ್ಣ. ಅಣ್ಣನಿಗೆ ಗೊತ್ತಿಲ್ಲದ ತೂತು ಈ ಬಡಾವಣೆಯಲ್ಲಿ ಇಲ್ಲ. ದಿನಕ್ಕೆ ಅವರ ಕೂಲಿ ಸಂಘದಿಂದ. ಬಾಡಿಗೆ ಮನೆಗಳಿದ್ರೆ ಮಾಲೀಕರಿಗೆ ಒಂದು ಮಾತು ಹೇಳಿಡಿ, ಗೇಟ್ ತೆಗೆಯಲ್ಲ ಅನ್ನಬಾರದು.

ಅಪಾರ್ಟ್‌ಮೆಂಟ್, ಎ ಬ್ಲಾಕ್: ನಮ್ಮ ಕಡೆಯಿಂದ ಪೈಪ್ ತೆಗೆದಾಯ್ತು, ಎರಡೂ ಸಂಘದವರ ಎದುರೇ, ಫೋಟೋ ಸಮೇತ. ಬೋರನ್ನು ತುಂಬಿ ಮುಚ್ಚಿಸ್ತೀವಿ, ಖರ್ಚು ನಮ್ಮದು. ಉಳಿದ ನೀರಿಗೆ ಮಾತ್ರ ದಾರಿ ತೋರಿಸಿ.

ಮನೆ 5 (ವಕೀಲರು): ಮುಖ್ಯರಸ್ತೆಯಲ್ಲಿ ಕಟ್ಟಡ ಏಳ್ತಿದೆಯಲ್ಲ, ಅವರನ್ನು ಕೇಳಿ. 2024ರ ಮಾರ್ಚಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯೋ ನೀರು ಬಳಸಿದ್ರೆ 5,000 ದಂಡ ಅಂತ ಮಾಡಿದಾಗ ಎಲ್ಲರೂ ಎಸ್‌ಟಿಪಿ ನೀರು ಹುಡುಕ್ತಿದ್ರು. ಅರ್ಜಿ ಸೋಮವಾರ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅಂತರ್ಜಲ ಇಲಾಖೆಗೂ ಹೋಗುತ್ತೆ. ಅದರಲ್ಲಿ ಯಾರ ಮೇಲೂ ದೂರಿಲ್ಲ. ಫೇಲಾದ ಬೋರಿಗೆ ಏನೇ ಇಳಿಸಬೇಕಾದ್ರೂ ಬರಹದಲ್ಲಿ ಅನುಮತಿ ಇರಲಿ, ಮಳೆ ನೀರೇ ಆಗಿದ್ರೂ ಸೋಸುಗುಂಡಿ ಇದೆಯಾ ಅಂತ ಬಂದು ನೋಡಿ, ಸುತ್ತಲ ಬೋರುಗಳ ನೀರನ್ನ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಅಂತ ಕೇಳಿದ್ದೀವಿ. ಎರಡೂ ಸಂಘದ ಸಹಿ ಬೇಕು. ಅಪಾರ್ಟ್‌ಮೆಂಟಿನವರದ್ದು ಮೊದಲು ಇದ್ದರೆ ಅರ್ಜಿಗೆ ತೂಕ.

ಅಪಾರ್ಟ್‌ಮೆಂಟ್, ಎ ಬ್ಲಾಕ್: ಹಾಕ್ತೀನಿ. ಸಾಯಂಕಾಲ ಕಾಗದ ತನ್ನಿ, ಕಾಫಿ ನಮ್ಮನೇಲಿ.

ಕಾರ್ಯದರ್ಶಿ: ಅಣ್ಣನ ವಾಯ್ಸ್ ಮೆಸೇಜ್: "ಪೈಪು ತೆಗೆದ್ರು ಮೇಡಂ, ಆ ಬೋರ್ ಬಾಯಿ ಒಣಗೈತೆ. ನಮ್ ಎರಡನೇ ಬೋರ್ ಓಡ್ಸಿ ನೋಡ್ದೆ, ವಾಸನೆ ಹಂಗೇ ಐತೆ."

ಮನೆ 8 (ಮೇಷ್ಟ್ರು): ಇರುತ್ತೆ. ಹೋಗೋಕೆ ತಿಂಗಳುಗಳೇ ಬೇಕು, ಪಿಟ್‌ಗಳದ್ದೂ ಪಾಲಿದ್ರೆ ಇನ್ನೂ ಹೆಚ್ಚು. ಮಾರ್ಚ್ 15ಕ್ಕೆ ಮತ್ತೆ ಎರಡೂ ಬೋರಿನ ನೀರು ಕಳಿಸೋಣ. ಹತ್ತು ನಿಮಿಷ ಮೋಟಾರ್ ಓಡಿಸಿ, ಆಮೇಲೆ ಲ್ಯಾಬಿನವರು ಕೊಡೋ ಬಾಟಲಿಗೇ ತುಂಬಿಸಿ. ಮನೇಲಿರೋ ಜ್ಯೂಸ್ ಬಾಟಲಿ ಬೇಡ. ಐಸ್‌ನಲ್ಲಿಟ್ಟು ಅವತ್ತೇ ತಲುಪಿಸಬೇಕು.

ಮನೆ 31: ಐಸ್ ಡಬ್ಬಿ ನಮ್ಮನ್ಯಾಗ ಐತ್ರೀ ಮೇಷ್ಟ್ರ. ಗಾಡಿ ಯಾರದು?

ಮನೆ 12: ನಂದು. ತೊಳೆಯದೆ ತರ್ತೀನಿ.