ತಂಗಿಗೆ ತೂಕ ಇಳಿಸುವ ಆಪರೇಷನ್ ಮಾಡಿಸಬಹುದಾ?

ಪ್ರಶ್ನೆ (ಕಲಬುರಗಿ): ನಮಸ್ಕಾರ ಡಾಕ್ಟ್ರೇ. ನನ್ನ ತಂಗಿಗೆ 34 ವರ್ಷ, ಎತ್ತರ 160 ಸೆಂಟಿಮೀಟರ್, ತೂಕ 118 ಕೆಜಿ. ಶುಗರ್ ಇದೆ, ರಾತ್ರಿ ಗೊರಕೆ ಹೊಡೀತಾ ಹೊಡೀತಾ ಉಸಿರು ಕಟ್ಟಿ ಎದ್ದು ಕೂರ್ತಾಳೆ. ಡಯಟ್, ವಾಕಿಂಗ್ ಎಲ್ಲಾ ಆಯ್ತು, ಎರಡು ಸಲ 10 ಕೆಜಿ ಇಳಿದು ಮತ್ತೆ ಏರಿತು. ಹೈದರಾಬಾದಿನಲ್ಲಿ ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ತೂತು ಮಾಡಿ) ಸ್ಲೀವ್ ಅನ್ನೋ ಆಪರೇಷನ್ ಮಾಡಿ ಮೂರನೇ ದಿನ ಮನೆಗೆ ಕಳಿಸ್ತೀವಿ ಅಂದಿದ್ದಾರೆ. ಅವ್ವ ಮಾತ್ರ ‘ಹೊಟ್ಟಿ ಕೊಯ್ಸೋದು ಬ್ಯಾಡ’ ಅಂತ ಹಠ ಹಿಡಿದಿದ್ದಾಳೆ.

ಉತ್ತರ (ಸರ್ಜನ್): ಅಕ್ಕಾರೇ, ಲೆಕ್ಕ ಹಾಕಿದೆ, ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಅಳತೆ) 46 ಬರುತ್ತೆ. ಜೊತೆಗೆ ಶುಗರ್ ಬೇರೆ. ಆಪರೇಷನ್ ಯೋಚಿಸಬೇಕಾದ ಕೇಸೇ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು ಬಾಳೆಹಣ್ಣಿನಂಥ ಕೊಳವೆ ಉಳಿಸ್ತೀವಿ, ತೆಗೆದದ್ದನ್ನ ಮತ್ತೆ ಜೋಡಿಸೋಕೆ ಬರಲ್ಲ. ಒಂದೂವರೆ ವರ್ಷದಲ್ಲಿ 30-35 ಕೆಜಿ ಇಳಿಯಬಹುದು. 55 ಕೆಜಿಗೆ ಬರ್ತಾಳೆ ಅಂತ ಯಾರಾದ್ರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಅವ್ವನ ಭಯ ಸುಮ್ನೆ ಅಲ್ಲ. ಅನುಭವಿ ಕೈಯಲ್ಲಿ ಜೀವ ಹೋಗೋದು ಸಾವಿರಕ್ಕೆ ಒಬ್ಬಿಬ್ಬರು. ನಾನು ಹೆದರೋದು ಲೀಕಿಗೆ. ಸ್ಟೇಪಲ್ ಹಾಕಿದ ಗೆರೆಯಲ್ಲಿ ಸೋರಿಕೆ ನೂರಕ್ಕೆ ಒಬ್ಬರಿಗೆ ಆಗುತ್ತೆ, ಎಷ್ಟೋ ಸಲ ಮನೆಗೆ ಬಂದ ಮೇಲೆ. ಅದರ ಲಕ್ಷಣ ಅಂದ್ರೆ ಜ್ವರ, ಎಡ ಭುಜದಲ್ಲಿ ನೋವು, ಸುಮ್ನೆ ಕೂತರೂ ನಾಡಿ 120 ದಾಟೋದು. ಆಗ ಗ್ಯಾಸ್ ಅಂತ ಸೋಡಾ ಕುಡಿಸಿ ಮಲಗಿಸಬೇಡಿ. ಹೈದರಾಬಾದು ನಿಮಗೆ ನಾಲ್ಕೈದು ತಾಸು, ಹಾಗಾಗಿ ರಾತ್ರಿ ಎರಡಕ್ಕೆ ಫೋನ್ ಯಾರು ಎತ್ತುತ್ತಾರೆ ಅಂತ ದುಡ್ಡು ಕಟ್ಟೋ ಮೊದಲೇ ಕೇಳಿ.

ಪ್ರಶ್ನೆ: ರೊಟ್ಟಿ ತಿನ್ನಬಹುದಾ ಡಾಕ್ಟ್ರೇ? ಅವಳಿಗೆ ಅದಿಲ್ಲದೆ ಊಟ ಆಗಲ್ಲ.

ಉತ್ತರ: ಮೊದಲೆರಡು ವಾರ ಮಜ್ಜಿಗೆ, ಬ್ಯಾಳಿ ಕಟ್ಟು ಅಷ್ಟೇ. ಆಮೇಲೆ ಮೆತ್ತಗಿನ ಊಟ. ಒಂದೂವರೆ ತಿಂಗಳಾದ ಮೇಲೆ ಕಾಲು ರೊಟ್ಟಿ, ಬ್ಯಾಳಿಯಲ್ಲಿ ನೆನೆಸಿ, ನಿಧಾನ ಜಗಿದು. ಮಾಲ್ಪುರಿಯಂಥ ಸಿಹಿ ಮಾತ್ರ ಸಲೀಸಾಗಿ ಇಳಿಯುತ್ತೆ ನೋಡಿ, ಹೋದ ತೂಕ ವಾಪಸ್ ಬರೋ ದಾರಿಗಳಲ್ಲಿ ಅದೂ ಒಂದು.

ಇನ್ನೊಬ್ಬರು (ಬೀದರ್): ನನಗೆ ಮಾಡಿಸಿ ಮೂರು ವರ್ಷ, 40 ಕೆಜಿ ಇಳಿದೆ. ನಾಲ್ಕನೇ ತಿಂಗಳು ಬಾಚಣಿಗೆ ತುಂಬಾ ಕೂದಲು, ಅದು ಮತ್ತೆ ಬಂತು ಬಿಡಿ. ಆರಾಮ ಇದ್ದೀನಲ್ಲ ಅಂತ ವಿಟಮಿನ್ ಬಿ12 ಗುಳಿಗೆ ಬಿಟ್ಟೆ. ಪಾದ ಜೋಮು ಹಿಡಿದು, ಕಾಲಿಂದ ಚಪ್ಪಲಿ ಜಾರಿ ಬಿದ್ದಿದ್ದೂ ಗೊತ್ತಾಗ್ತಿರಲಿಲ್ಲ.

ಉತ್ತರ: ಹೀಗೇ ಆಗೋದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಇವು ಜೀವನಪೂರ್ತಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಯೂ ಬೇಕು. ಮಗು ಬೇಕಿದ್ದರೆ ವರ್ಷ-ಒಂದೂವರೆ ವರ್ಷ ತಡೀಬೇಕು. ಅಕ್ಕಾರೇ, ಒಂದು ಕೇಳೋದು ಮರೆತೆ, ತಂಗಿಗೆ ಎದೆಯುರಿ ಇದೆಯಾ? ಇದ್ದರೆ ಸ್ಲೀವ್ ಆದ ಮೇಲೆ ಅದು ಜಾಸ್ತಿ ಆಗಬಹುದು, ಎಂಡೋಸ್ಕೋಪಿ ಮಾಡಿಸಿ ಗ್ಯಾಸ್ಟ್ರಿಕ್ ಬೈಪಾಸ್ (ಹೃದಯದ್ದಲ್ಲ, ಜಠರ ಸಣ್ಣದು ಮಾಡಿ ಕರುಳಿಗೆ ಜೋಡಿಸೋ ಆಪರೇಷನ್) ಬಗ್ಗೆಯೂ ಕೇಳಿ.