ಎಂ.ಎ. ಪ್ರಬಂಧಕ್ಕೆ ಭಾಸ್ಕರಾಚಾರ್ಯನೋ ವಿಷ್ಣುವರ್ಧನನೋ? ಅನುಭವ ಇರುವವರು ಹೇಳಿ

ಹೊಸಬಳು: ದೂರಶಿಕ್ಷಣದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಬ್ಯಾಂಕ್ ಕೆಲಸ, ಭಾನುವಾರ ಮಾತ್ರ ಬಿಡುವು. ಸಂಸ್ಕೃತ ಬಾರದು. ಹನ್ನೆರಡನೆಯ ಶತಮಾನದ ಒಬ್ಬರ ಮೇಲೆ ನಾಲ್ಕು ತಿಂಗಳಲ್ಲಿ 60 ಪುಟ ಬರೆಯಬೇಕು. ಯಾರನ್ನು ಆರಿಸಿಕೊಂಡರೆ ಸುಲಭ?

ಗದಗದವನು: ಭಾಸ್ಕರನ ಬೆನ್ನು ಹತ್ತಿ ಎರಡು ವರ್ಷ ಮತ್ತು 41,300 ರೂಪಾಯಿ ಕಳೆದುಕೊಂಡವನು ನಾನು. ಚೀಟಿಗಳು ಇನ್ನೂ ಇವೆ. ಹುಟ್ಟಿದ ವರ್ಷವನ್ನೂ ಆತ ನೆಟ್ಟಗೆ ಹೇಳುವುದಿಲ್ಲ, ‘ರಸಗುಣಪೂರ್ಣಮಹೀ’ ಎನ್ನುತ್ತಾನೆ. ಇಲ್ಲಿ ಒಂದೊಂದು ಪದವೂ ಒಂದು ಅಂಕಿ: ರಸ ಆರು, ಗುಣ ಮೂರು, ಪೂರ್ಣ ಸೊನ್ನೆ, ಮಹೀ ಒಂದು. ಬಲದಿಂದ ಎಡಕ್ಕೆ ಓದಿದರೆ ಶಕ 1036, ಅಂದರೆ ಕ್ರಿ.ಶ. 1114. ನಾನು 6301 ಎಂದು ಬರೆದುಕೊಂಡು ಹೋಗಿ ಮಾರ್ಗದರ್ಶಕರ ಮುಂದೆ ಮಾನ ಕಳೆದುಕೊಂಡೆ. ಆಮೇಲೆ ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದ ಶಾಸನದ ಹುಚ್ಚು. ಭಾಸ್ಕರನ ಗಣಿತ-ಖಗೋಳ ಗ್ರಂಥ ಸಿದ್ಧಾಂತಶಿರೋಮಣಿಯ ಪಾಠ ನಡೆಯಲೆಂದು ಅವನ ಮೊಮ್ಮಗ ಚಾಂಗದೇವ ಮಠ ಸ್ಥಾಪಿಸಿದ್ದನ್ನು ಹೇಳುವ ಶಾಸನ ಅದು. ಚಾಳೀಸಗಾಂವ್‌ನಲ್ಲಿ ಎರಡು ರಾತ್ರಿಯ ವಸತಿ 1,400, ಆಟೋ 900, ಮಳೆಯಲ್ಲಿ ನೆನೆದ ಕ್ಯಾಮೆರಾದ ರಿಪೇರಿ 6,200. ಆ ಶಾಸನದ ಪಠ್ಯ ಹತ್ತೊಂಬತ್ತನೆಯ ಶತಮಾನದಲ್ಲೇ ಅಚ್ಚಾಗಿದೆ ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು.

ಗುಮ್ಮಟದೂರಿನವ: ಅಷ್ಟು ದೂರ ಹೋದದ್ದೇ ತಪ್ಪು. ಭಾಸ್ಕರ ತನ್ನ ಊರೆಂದು ಹೇಳುವ ವಿಜ್ಜಡವಿಡ ಎಂದರೆ ನಮ್ಮ ವಿಜಯಪುರ. ನಮ್ಮವನನ್ನು ಖಾನದೇಶದಲ್ಲಿ ಹುಡುಕಿದರೆ ಕ್ಯಾಮೆರಾ ಹಾಳಾಗದೆ ಇನ್ನೇನಾಗುತ್ತದೆ?

ಗದಗದವನು: ‘ಸಹ್ಯಕುಲಾಚಲಾಶ್ರಿತಪುರೇ’, ಸಹ್ಯಾದ್ರಿಯ ಆಸರೆಯ ಊರಿನಲ್ಲಿ, ಎಂದವನು ಆತನೇ. ನಿಮ್ಮ ಬಯಲಿನಲ್ಲಿ ಸಹ್ಯಾದ್ರಿ ಯಾವ ಓಣಿಯಲ್ಲಿದೆ, ತೋರಿಸಿ. ನಾನೇ ಬರುತ್ತೇನೆ, ಬಸ್ ಖರ್ಚು ನನ್ನದು.

ಹಾಸನದ ಅಕ್ಕ: ಹೊಯ್ಸಳ ದೊರೆ ವಿಷ್ಣುವರ್ಧನ ಸುಲಭ ಎಂದು ಯಾರೂ ನಂಬಬೇಡಿ. ರಾಮಾನುಜಾಚಾರ್ಯರಿಂದ ಬಿಟ್ಟಿದೇವ (ವಿಷ್ಣುವರ್ಧನನ ಮೊದಲ ಹೆಸರು) ವೈಷ್ಣವನಾದ, ಆಮೇಲೆ ಬಸದಿಗಳ ಮೇಲೆ ಮುನಿದ ಎಂದು 44 ಪುಟ ಬರೆದೆ. ಬೆರಳಚ್ಚು, ಐದು ಪ್ರತಿಯ ಬೈಂಡಿಂಗ್ ಪ್ರತಿಗೆ 350, ಎಲ್ಲ ಮುಗಿದಿತ್ತು. ಮೌಖಿಕ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ: ‘1133ರ ಹಳೇಬೀಡಿನ ಶಾಸನ ಓದಿದ್ದೀಯಾ, ತಾಯಿ?’ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಶಾಸನ ಅದು. ಅಲ್ಲಿಂದ ಬಂದ ಪ್ರಸಾದವನ್ನು ದೊರೆ ಸ್ವೀಕರಿಸಿ, ಯುದ್ಧದ ಗೆಲುವಿನ ನೆನಪಿಗೆ ದೇವರನ್ನು ವಿಜಯಪಾರ್ಶ್ವ ಎಂದು ಕರೆದ. ರಾಣಿ ಶಾಂತಲೆಯಂತೂ ಕೊನೆಯವರೆಗೂ ಜೈನಳೇ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿ ಅವಳದು. 44 ಪುಟಗಳೂ ರದ್ದಿಗೆ ಹೋದವು, ಆರು ತಿಂಗಳು ಹೆಚ್ಚಾಯಿತು.

ಮೇಲುಕೋಟೆಯ ಭಕ್ತ: ಹಾಗಾದರೆ ಆಚಾರ್ಯರು ಬಂದದ್ದೇ ಸುಳ್ಳೇ? 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದವನು ಯಾರು?

ಹಾಸನದ ಅಕ್ಕ: ಅವನೇ, ಸ್ವಾಮಿ. ಹದಿನಾರು ವರ್ಷದ ಮೇಲೆ ಬಸದಿಯ ಪ್ರಸಾದ ತೆಗೆದುಕೊಂಡವನೂ ಅವನೇ. ಆಚಾರ್ಯರು ಬರಲಿಲ್ಲ ಎಂದು ನಾನು ಎಲ್ಲಿ ಬರೆದೆ? ಓದಿ ಜಗಳವಾಡಿ.

ಹಿಸ್ಸೆದಾರ: ವಿಜ್ಞಾನೇಶ್ವರನನ್ನು ನಾನು ಆರಿಸಲಿಲ್ಲ, ದಾವೆ ನನ್ನ ತಲೆಗೆ ಕಟ್ಟಿತು. ಮೂರು ಎಕರೆ ಹನ್ನೆರಡು ಗುಂಟೆ, ಹತ್ತೊಂಬತ್ತು ವರ್ಷ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ಆತ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಕಲ್ಯಾಣದಂಥ ಪಟ್ಟಣ ಹಿಂದೆ ಇರಲಿಲ್ಲ, ಮುಂದೆ ಇರುವುದಿಲ್ಲ ಎಂದು ಕೊನೆಯಲ್ಲಿ ಹಾಡಿದ್ದಾನೆ. ಇರಲಿ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕು ಎಂದು ಆತ ಹೇಳಿದ ಮಾತಿನಿಂದಲೇ ನನ್ನ ತಮ್ಮ ತೊಟ್ಟಿಲಿನಲ್ಲೇ ಪಾಲುದಾರನಾದ. ಬಂಗಾಳದಲ್ಲಿ ಹುಟ್ಟಿದ್ದರೆ ಆಸ್ತಿಯ ಪಾಲಿಗೆ ಆಧಾರ ಜೀಮೂತವಾಹನನ ‘ದಾಯಭಾಗ’ ಎಂಬ ಗ್ರಂಥ. ಅಪ್ಪ ಇರುವವರೆಗೆ ಮಕ್ಕಳು ಬಾಯಿ ಮುಚ್ಚಿಕೊಂಡಿರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿಯಿಂದ ಮದುವೆಯಾಗದ ತಂಗಿ ಬಂದಳು, ಕೇಂದ್ರದ 2005ರದ್ದರಿಂದ ಮದುವೆಯಾದ ಅಕ್ಕಂದಿರೂ ಬಂದರು. ವಕೀಲರಿಗೆ ಕೊಟ್ಟದ್ದು 2,85,000. ನನಗೆ ಉಳಿದದ್ದು 26 ಗುಂಟೆ, ಬಾವಿ ಇಲ್ಲದ ಕಡೆ.

ಹಾಸನದ ಅಕ್ಕ: ಅಕ್ಕತಂಗಿಯರಿಗೆ ಪಾಲು ಹೋಯಿತೆಂಬ ಸಂಕಟವನ್ನು ವಿಜ್ಞಾನೇಶ್ವರನ ಮೇಲೆ ಹಾಕಬೇಡಿ.

ಹಿಸ್ಸೆದಾರ: ಬಾವಿ ಯಾರ ಪಾಲಿಗೆ ಹೋಯಿತು ಎಂದು ಕೇಳಿ, ಆಮೇಲೆ ಮಾತಾಡಿ.

ಹೊಸಬಳು: ಎಲ್ಲರಿಗೂ ವಂದನೆಗಳು. ಸಂಸ್ಕೃತ ಬಾರದೆ, ಭಾನುವಾರಗಳಲ್ಲಿ...

ಗದಗದವನು: ಅಕ್ಕಾ, ಬೈಂಡಿಂಗ್‌ಗೆ 350 ಕೊಟ್ಟಿರಾ? ನಮ್ಮಲ್ಲಿ 220ಕ್ಕೆ ಬಂಗಾರದ ಅಕ್ಷರವನ್ನೂ ಹಾಕಿಕೊಡುತ್ತಾರೆ.

ಗುಮ್ಮಟದೂರಿನವ: ವಿಜಯಪುರದಲ್ಲಿ 180.